ಬಿಸಿಲಂಗಿ

ಬಿಸಿಲಂಗಿ ಯಾರಿಗೂ ಭಾರವಾಗುವುದಿಲ್ಲ ಎಂದು ಹುದ್ದಾರ ಸರ್ ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು. ತಕ್ಕಡಿಯಲ್ಲಿಟ್ಟು ನೋಡಿದರೆ ಅದು ನಿಜವೇ. ದಪ್ಪನೆಯ ಒಂದು ಟವೆಲ್ಲಿನಷ್ಟು ತೂಕ. ತಕ್ಕಡಿಗೆ ಬೆವರು ಬರುವುದಿಲ್ಲ, ಬಾಯಾರಿಕೆಯಾಗುವುದಿಲ್ಲ. ಅದರ ಮಾತನ್ನು ಊರೆಲ್ಲ ನಂಬಿತು.

ಊರಿನ ಹೆಸರು ಹೇಳುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಹಾಸುಗಲ್ಲು ಚಪ್ಪಲಿಯ ಮೂಲಕವೂ ಸುಡುವ ಊರು ಎಂದರೆ ಸಾಕು, ಕಲ್ಯಾಣ ಕರ್ನಾಟಕದವರಿಗೆ ಅರ್ಥವಾಗುತ್ತದೆ. ನಾನು ಸುಜಾತಾ. ಅಲ್ಲಿನ ಪಾಲಿಮರ್ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ಡಾ. ಅರವಿಂದ ಹುದ್ದಾರ ನನ್ನ ಗೈಡ್. ನನ್ನ ಅವ್ವ ಚಂದಮ್ಮ ಅದೇ ಊರಿನ ಪಾಲಿಕೆಯ ಪೌರಕಾರ್ಮಿಕೆ. ಭಾಷಣಗಳಲ್ಲಿ ಹಾಗೆನ್ನುತ್ತಾರೆ. ಉಳಿದ ದಿನ ಅವಳನ್ನು ಕಸದವಳು ಎಂದೇ ಕರೆಯುತ್ತಿದ್ದರು.

ನಾವು ಮಾಡುತ್ತಿದ್ದದ್ದು ಬಿಸಿಲಿನಿಂದ ವಿದ್ಯುತ್ ತೆಗೆಯುವ ಒಂದು ಹಾಳೆ. ಗಾಜಿಲ್ಲ, ಚೌಕಟ್ಟಿಲ್ಲ; ಸೀರೆಯಂತೆ ಮಡಚಿಡಬಹುದು. ಅದರೊಳಗೆ ಎರಡು ಬಗೆಯ ಪಾಲಿಮರ್. ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಪಕ್ಕದ ಇನ್ನೊಂದು ಅದನ್ನು ಹಿಡಿದು ಮುಂದಕ್ಕೆ ಸಾಗಿಸುತ್ತದೆ. ಇದು ಸರಿಯಾಗಿ ನಡೆಯಬೇಕಾದರೆ ಎರಡೂ ಚೂಡಾದ ಹಾಗೆ ಬೆರೆತಿರಬೇಕು: ಅವಲಕ್ಕಿ ಬೇರೆ, ಶೇಂಗಾ ಬೇರೆ, ಆದರೆ ಯಾವ ಮುಷ್ಟಿ ತೆಗೆದರೂ ಎರಡೂ ಸಿಗಬೇಕು. ಇವುಗಳ ಮೇಲೆ ತೆಳುವಾದ ಫೋಟಾನಿಕ್ ಪದರವೊಂದು. ಬೆಳಕು ಯಾವ ಕಡೆಯಿಂದ ಓರೆಯಾಗಿ ಬಂದರೂ ಅದನ್ನು ಒಳಕ್ಕೆ ತಿರುಗಿಸುವುದು ಅದರ ಕೆಲಸ. ಬಣ್ಣ ಹಚ್ಚದಿದ್ದರೂ ಅದಕ್ಕೆ ಪಾರಿವಾಳದ ಕತ್ತಿನಂಥ ಬಣ್ಣವಿತ್ತು. ತಂಪಾಗಿದ್ದರೆ ಹಸಿರು, ಕಾದರೆ ಪದರಗಳು ಉಬ್ಬಿ ಕೆಂಪು.

ತೊಂದರೆ ಇದ್ದದ್ದು ಕಾಯುವುದರಲ್ಲಿ. ಚೂಡಾದ ಡಬ್ಬಿಯನ್ನು ಬಸ್ಸಿನಲ್ಲಿ ದೂರ ಒಯ್ದರೆ ಶೇಂಗಾ ಎಲ್ಲ ಒಂದು ಕಡೆ ಸೇರುತ್ತದಲ್ಲ, ಹಾಗೆಯೇ ಶಾಖಕ್ಕೆ ನಮ್ಮ ಪಾಲಿಮರುಗಳು ಬೇರೆ ಬೇರೆಯಾಗಿ ಗುಂಪು ಕಟ್ಟುತ್ತಿದ್ದವು. ಆಮೇಲೆ ಎಷ್ಟು ಬಿಸಿಲು ಬಿದ್ದರೂ ಪ್ರಯೋಜನವಿಲ್ಲ. ಹೊರದೇಶದ ತಂಪು ಊರುಗಳಲ್ಲಿ ಇಂಥ ಹಾಳೆಗಳು ವರ್ಷಗಟ್ಟಲೆ ಬಾಳುತ್ತಿದ್ದವು. ನಮ್ಮ ಮಾಳಿಗೆಯ ಮೇಲೆ ಹಾಸಿದವು ಏಪ್ರಿಲ್ ಮುಗಿಯುವ ಮೊದಲೇ ಕೆಂಪಾಗಿ ಸತ್ತವು.

ಅವುಗಳ ತಂತಿ ಬಿಚ್ಚಲು ಮೇಲೆ ಹೋದ ಎಲೆಕ್ಟ್ರಿಷಿಯನ್, ಬಿಸಿಲು ತಾಳದೆ, ಇನ್ನೂ ಸಾಯದೆ ಉಳಿದಿದ್ದ ಒಂದೇ ಒಂದು ಹಾಳೆಯನ್ನು ಬೆನ್ನ ಮೇಲೆ ಹೊದ್ದುಕೊಂಡು ಕೆಲಸ ಮಾಡಿದ. ಕೆಳಗೆ ಪ್ರಯೋಗಾಲಯದ ಪರದೆಯ ಮೇಲೆ ಮಲಗಿದ್ದ ವಿದ್ಯುತ್ತಿನ ಗೆರೆ ಎದ್ದು ಕುಳಿತಿತು. ಹುದ್ದಾರ ಸರ್ ಮೆಟ್ಟಿಲು ಹತ್ತಿ ಓಡಿದರು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಹಾಳೆ ಹಸಿರಾಗಿತ್ತು.

"ಬೆವರು, ಸುಜಾತಾ," ಎಂದರು ಸರ್. "ಬೆವರು ಆರಿದಂಗ ಹಾಳಿ ತಂಪಾಗ್ಲಿಕತ್ತದ. ಮನುಷ್ಯನ ಮೈ ಅಂದ್ರ ದೇವರು ಪುಕ್ಕಟೆ ಕೊಟ್ಟ ಕೂಲರ್."

ಯಾವ ಮನುಷ್ಯನ ಮೈ ಎಂಬ ಪ್ರಶ್ನೆಗೆ ಪಾಲಿಕೆ ಉತ್ತರ ಕೊಟ್ಟಿತು. ಹಾಳೆಯನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಬೆವರು ಆರಲು ಸಂದು ಬಿಟ್ಟು ಹೆಣೆದು, ಉದ್ದ ತೋಳಿನ ಅಂಗಿ ಮಾಡಿ, ಬಿಸಿಲಂಗಿ ಎಂದು ಹೆಸರಿಟ್ಟರು. ಸೊಂಟದ ಹತ್ತಿರ ಬ್ಯಾಟರಿಯ ಕಿಸೆ. ಮುಂದಿನ ಬೇಸಿಗೆ ಶುರುವಾಗುವ ಹೊತ್ತಿಗೆ ಊರಿನ ಪೌರಕಾರ್ಮಿಕರಿಗೆಲ್ಲ ಒಂದೊಂದು ಹಂಚಿದರು. ಅವರು ಗುಡಿಸುತ್ತಾ ಹೋದಂತೆ ಬ್ಯಾಟರಿ ತುಂಬುತ್ತದೆ, ಸಂಜೆ ವಾರ್ಡ್ ಆಫೀಸಿನ ಪೆಟ್ಟಿಗೆಗೆ ಅದನ್ನು ಸಿಕ್ಕಿಸಿದರೆ ಬೀದಿ ದೀಪ ಉರಿಯುತ್ತದೆ. ಕಸ ಗುಡಿಸುವವರು ಊರಿಗೆ ಬೆಳಕು ಕೊಡುತ್ತಾರೆ ಎಂದು ಎಲ್ಲ ಕಡೆ ಬರೆಸಿದರು. ಓದಲು ಎಷ್ಟು ಚಂದ.

ಅವ್ವ ಆ ಅಂಗಿಯನ್ನು ಮೊದಲ ದಿನ ಮೈಮೇಲೆ ಹಾಕಿಕೊಂಡು ಓಣಿಯ ಈ ತುದಿಯಿಂದ ಆ ತುದಿಗೆ ನಡೆದಳು. ಜೊತೆಗೆ ಜಗದೇವಿ ಚಿಗವ್ವ. ಚಿಗವ್ವ ಎಂದರೆ ರಕ್ತಸಂಬಂಧವೇನಲ್ಲ. ಅವ್ವನೂ ಅವಳೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ಬೀದಿಯ ಎರಡು ಬದಿ ಗುಡಿಸುವವರು. ನಾನು ಮೆಟ್ರಿಕ್ ಪಾಸಾದಾಗ ಅವ್ವನಿಗಿಂತ ಮೊದಲು ಪೇಢೆ ತಂದು ಓಣಿಗೆ ಹಂಚಿದವಳು ಅವಳು.

"ನಮ್ ಸುಜಾತಾ ಮಾಡಿದ ಅಂಗಿ ನೋಡ್ರಿ," ಎಂದು ಚಿಗವ್ವ ಕಂಡವರಿಗೆಲ್ಲ ಹೇಳಿದಳು. "ನವಿಲಿನಂಗ ಕಾಣ್ಲತ್ತೀನೋ ಇಲ್ಲೋ?"

"ನವಿಲು ಯಾವಾಗರ ಇಷ್ಟು ದಪ್ಪ ಇರ್ತದೇನ?" ಎಂದಳು ಅವ್ವ. ಇಬ್ಬರೂ ನಕ್ಕರು. ನನಗೂ ಆ ದಿನ ಎದೆ ತುಂಬಿ ಬಂದಿತ್ತು.

ನಸುಕಿನಲ್ಲಿ ಗುಡಿಸುವುದು ನಮ್ಮ ಊರಿನ ರೂಢಿ. ಊರು ಏಳುವ ಮೊದಲು ಬೀದಿ ಚೊಕ್ಕ ಇರಬೇಕು, ಬಿಸಿಲು ಏರುವಷ್ಟರಲ್ಲಿ ಗುಡಿಸುವವರು ಮನೆ ಸೇರಬೇಕು. ಅವ್ವನ ಅವ್ವನೂ ಹಾಗೇ ಗುಡಿಸಿದ್ದಳು. ನಸುಕಿನಲ್ಲಿ ಬಿಸಿಲಿಲ್ಲ, ಬಿಸಿಲಿಲ್ಲದೆ ಅಂಗಿಗೆ ಕೆಲಸವಿಲ್ಲ. ಆದ್ದರಿಂದ ಪಾಲಿಕೆ ಕೆಲಸದ ಹೊತ್ತನ್ನೇ ಬದಲಿಸಿತು. ಈಗ ಅವರು ಮುಂಜಾನೆ ಹೊತ್ತೇರಿದ ಮೇಲೆ ಶುರುಮಾಡಿ, ನಾಯಿಗಳು ಕೂಡ ಚರಂಡಿಯಲ್ಲಿ ಮಲಗುವ ಮಧ್ಯಾಹ್ನವನ್ನು ದಾಟಿ, ಸಂಜೆಯವರೆಗೆ ಬೀದಿಯಲ್ಲಿರಬೇಕಾಯಿತು. ಗುಡಿಸಲು ಕಸವಿಲ್ಲದಿದ್ದರೂ ಇರಬೇಕಾಯಿತು.

ಬಸ್ ಡಿಪೋದ ಪಕ್ಕ ಒಂದು ದೊಡ್ಡ ಬೇವಿನ ಮರವಿತ್ತು. ಅದರ ಕೆಳಗೆ ಕೂತು ರೊಟ್ಟಿ ತಿನ್ನುವುದು ಆ ವಾರ್ಡಿನ ಹೆಣ್ಣುಮಕ್ಕಳ ಅಭ್ಯಾಸ. ಬಿಸಿಲಂಗಿ ಬಂದ ಮೇಲೆ ಅದೂ ತಪ್ಪಾಯಿತು. ನೆರಳಿಗೆ ಹೋದ ಕೂಡಲೇ ಅಂಗಿಯ ವಿದ್ಯುತ್ ಬೀಳುತ್ತದೆ, ಅದು ಪಾಲಿಕೆಯ ಮೇಲ್ಮಹಡಿಯ ನಿಯಂತ್ರಣ ಕೊಠಡಿಗೆ ತಿಳಿಯುತ್ತದೆ, ಅಲ್ಲಿಂದ ಜಮಾದಾರ ಗುರುಲಿಂಗಪ್ಪನಿಗೆ ಫೋನು ಬರುತ್ತದೆ. ಗುರುಲಿಂಗಪ್ಪ ಎಂದರೆ ಆ ವಾರ್ಡಿನ ಕೆಲಸ ನೋಡಿಕೊಳ್ಳುವವನು. ಅವನು ಬೈಕಿನಲ್ಲಿ ಬಂದು, ಮರದ ಕೆಳಗೆ ಕೂತವರನ್ನು ಎಬ್ಬಿಸುತ್ತಿದ್ದ.

"ಮ್ಯಾಲಿಂದ ಫೋನ್ ಬಂದದ. ನೆರಳ ಬಿಟ್ಟು ಹೊರಗ ಬರ್ರಿ."

"ರೊಟ್ಟಿ ತಿನ್ಲತ್ತೀವಿ, ಜಮಾದಾರ್ರೆ."

"ಬಿಸಿಲಾಗ ನಿಂತು ತಿನ್ರಿ. ಯಾರು ಬ್ಯಾಡಂದಾರ?"

ಇದನ್ನು ಅವ್ವ ಮನೆಯಲ್ಲಿ ಹೇಳಿದಳು. ಮರುದಿನ ಸರ್ ಹತ್ತಿರ ಹೋಗಿ, ಮಧ್ಯಾಹ್ನ ನೆರಳಿಗೆ ಬಿಡದಿದ್ದರೆ ಜನ ಸಾಯುತ್ತಾರೆ ಎಂದೆ.

"ಅದು ಪಾಲಿಕೆಯ ಆಡಳಿತದ ವಿಷಯ," ಎಂದರು ಅವರು. "ನಾವು ವಿಜ್ಞಾನಿಗಳು. ನಮ್ಮ ಹಾಳಿ ಹ್ಯಾಂಗದ ಅಷ್ಟೇ ನೋಡಬೇಕು."

ಹಾಳೆ ಹೇಗಿದೆ ಎಂದು ನೋಡಲೆಂದೇ ನನ್ನನ್ನು ನಿಯಂತ್ರಣ ಕೊಠಡಿಗೆ ಕಳಿಸುತ್ತಿದ್ದರು. ಗೋಡೆ ತುಂಬ ಪರದೆ. ಒಂದೊಂದು ಅಂಗಿಗೆ ಒಂದೊಂದು ಚುಕ್ಕೆ. ಅದು ಯಾವ ವಾರ್ಡಿನಲ್ಲಿದೆ ಎಂಬುದಷ್ಟೇ ಗೊತ್ತಾಗುತ್ತದೆ, ಯಾವ ಬೀದಿ ಎಂಬುದಲ್ಲ. ಬಿಸಿಲಿನಲ್ಲಿ ತಂಪಾಗಿ ದುಡಿಯುತ್ತಿರುವ ಅಂಗಿ ಹಸಿರು. ನೆರಳಿಗೆ ಹೋದದ್ದು ಬೂದು. ಕಾದದ್ದು ಕೆಂಪು. ಬೂದು ಚುಕ್ಕೆ ಕಂಡರೆ ಆಪರೇಟರ್ ನಿಧಾನಕ್ಕೆ ಫೋನ್ ಮಾಡುತ್ತಿದ್ದ, ಕೆಂಪು ಕಂಡರೆ ಗಂಟೆ ಬಡಿದುಕೊಳ್ಳುತ್ತಿತ್ತು. ಒಂದು ಅಂಗಿ ಹಾಳಾದರೆ ಹೊಸದು ಮಾಡಲು ತಿಂಗಳುಗಳು ಬೇಕು, ಆದ್ದರಿಂದ ಕೆಂಪು ಚುಕ್ಕೆಗೆ ಒಂದೇ ನಿಯಮ: ಕೂಡಲೇ ಅಂಗಿ ಬಿಚ್ಚಿಸಿ ನೆರಳಿಗೆ ತರುವುದು. ಆ ಕೊಠಡಿಯಲ್ಲಿ ಎ.ಸಿ. ಎಷ್ಟು ಜೋರಾಗಿತ್ತೆಂದರೆ ಆಪರೇಟರ್ ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದ. ಬೀದಿ ದೀಪಕ್ಕೆಂದು ತಂದ ವಿದ್ಯುತ್ತಿನಲ್ಲಿ ಎ.ಸಿ.ಗೂ ಒಂದು ಪಾಲು ಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವ್ವನ ವಾರ್ಡಿನಲ್ಲಿ ಕೆಂಪು ಚುಕ್ಕೆ ಬಂತು. ಗಂಟೆ ಬಡಿದುಕೊಂಡಿತು. ನಾನು ಹೆಸರು ನೋಡಿದೆ. ಜಗದೇವಿ.

ಬಿಸಿಲಿನಲ್ಲೇ ನಿಂತಿರುವ ಮನುಷ್ಯರ ಅಂಗಿ ಯಾವಾಗ ಕೆಂಪಾಗುತ್ತದೆ ಎಂದು ನನಗೆ ಗೊತ್ತು. ಬೆವರು ನಿಂತಾಗ. ಮೈಯಲ್ಲಿ ಬೆವರಲು ಏನೂ ಉಳಿಯದಿದ್ದಾಗ, ಮೈಯೇ ಸೋತು ಕೈಬಿಟ್ಟಾಗ. ಆ ಪರದೆ ಅಷ್ಟು ಹೊತ್ತಿಗೆ ಊರಿನ ಯಾವ ಡಾಕ್ಟರಿಗೂ ತಿಳಿಯದ್ದನ್ನು ತಿಳಿದಿತ್ತು, ಒಬ್ಬ ಹೆಂಗಸು ಬಿಸಿಲ ಹೊಡೆತಕ್ಕೆ ಸಾಯುತ್ತಿದ್ದಾಳೆ ಎಂದು. ಅದಕ್ಕೆ ಕಲಿಸಿದ್ದು ಮಾತ್ರ ಬೇರೆ ಮಾತು.

ಆಪರೇಟರ್ ಫೋನಿನಲ್ಲಿ, "ಗುರುಲಿಂಗಪ್ಪ, ಲಗೂನ ಹೋಗ್ರಿ, ಅಂಗಿ ಉಳಸ್ರಿ," ಎಂದ.

"ಅಂಗಿ ಅಲ್ಲ, ಆಕಿಗಿ ಎತ್ತಾಕ ಹೇಳ್ರಿ," ಎಂದು ನಾನು ಫೋನ್ ಕಿತ್ತುಕೊಂಡೆ. ಲೈನು ಆಗಲೇ ಕಟ್ಟಾಗಿತ್ತು. ಆಂಬುಲೆನ್ಸಿಗೆ ಅವಳು ಗುಡಿಸುವ ಬೀದಿಯ ಹೆಸರು ಹೇಳಿ, ಮೆಟ್ಟಿಲಿಳಿದು, ಸಿಕ್ಕ ಆಟೋ ಹತ್ತಿದೆ.

ನಾನು ಹೋಗುವಷ್ಟರಲ್ಲಿ ಚಿಗವ್ವ ಡಿವೈಡರಿನ ಪಕ್ಕ ಹಾಸುಗಲ್ಲಿನ ಮೇಲೆ ಬಿದ್ದಿದ್ದಳು. ಅವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಟಲಿಯ ನೀರು ಸುರಿಯುತ್ತಿದ್ದಳು. ಗುರುಲಿಂಗಪ್ಪ ಬೇವಿನ ಮರದ ಕೆಳಗೆ ನಿಂತಿದ್ದ. ಅವನ ತೋಳಿನ ಮೇಲೆ ಚಿಗವ್ವನ ಅಂಗಿ ಮಡಚಿ ಕೂತಿತ್ತು, ಅವನು ಅದಕ್ಕೆ ಟೊಪ್ಪಿಗೆಯಿಂದ ಗಾಳಿ ಹಾಕುತ್ತಿದ್ದ. ಅವನು ಕೆಟ್ಟವನೆಂದು ನಾನು ಹೇಳುವುದಿಲ್ಲ. ಫೋನಿನಲ್ಲಿ ಹೇಳಿದ್ದನ್ನು ಅವನು ಅಕ್ಷರಶಃ ಮಾಡಿದ್ದ.

ಆಸ್ಪತ್ರೆ ಮುಟ್ಟುವ ಮೊದಲೇ ಚಿಗವ್ವ ಹೋದಳು. ಹೃದಯ ನಿಂತು ಸಾವು ಎಂದು ಬರೆದರು. ಎಲ್ಲರ ಸಾವಿನಲ್ಲೂ ಹೃದಯ ನಿಂತೇ ನಿಲ್ಲುತ್ತದೆ, ಆದ್ದರಿಂದ ಅದು ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ. ಪಾಲಿಕೆ ಒಂದು ಹಾರ ಕಳಿಸಿತು. ಕೆಲಸದ ಹೊತ್ತು ಬದಲಾಗಲಿಲ್ಲ, ನೆರಳಿನ ನಿಯಮ ಬದಲಾಗಲಿಲ್ಲ, ಒಂದು ಸಾಲಿನ ಸೂಚನೆಯೂ ಹೊರಬರಲಿಲ್ಲ. ವಾರದ ಸಭೆಯಲ್ಲಿ ಹುದ್ದಾರ ಸರ್ ಆ ಅಂಗಿಯನ್ನು ಪರೀಕ್ಷಿಸಿ, "ಹಾಳಿಗೇನೂ ಆಗಿಲ್ಲ, ಸರಿಯಾದ ಹೊತ್ತಿಗೆ ಬಿಚ್ಚ್ಯಾರ," ಎಂದರು. ಅವರ ಮುಖದಲ್ಲಿ ನಿಜವಾದ ಸಮಾಧಾನವಿತ್ತು. ನನಗೆ ಕುರ್ಚಿಯೆತ್ತಿ ಅವರ ಪರದೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಗ್ರಾಫ್ ತೋರಿಸಿ ಎಂದಾಗ ತೋರಿಸಿದೆ.

ಚಿಗವ್ವನ ಮಣ್ಣು ಮುಗಿಸಿ ಬಂದ ಮೇಲೆ ಅವ್ವ ಮತ್ತೆ ಕೆಲಸಕ್ಕೆ ಹೋದಳು. ಹೋಗದಿದ್ದರೆ ಕೆಲಸ ಹೋಗುತ್ತದೆ. ಆದರೆ ಅವಳೂ ಸೊರಗುತ್ತಿದ್ದಳು. ಕಣ್ಣಿಗೆ ಕತ್ತಲೆ ಬರುತ್ತದೆ, ಉಚ್ಚೆಗೆ ಹೋದರೆ ಉರಿ ಎನ್ನುತ್ತಿದ್ದಳು. ಬಿಡು, ನನ್ನ ಫೆಲೋಶಿಪ್ಪಿನಲ್ಲಿ ಹೇಗೋ ಆಗುತ್ತದೆ ಎಂದೆ.

"ನಾ ಬಿಟ್ರ ನನ್ನ ಅಂಗಿ ಇನ್ನೊಬ್ಬಾಕಿ ಮೈಮ್ಯಾಲ ಹಾಕ್ತಾರ," ಎಂದಳು ಅವ್ವ. "ಆಕೀಗೂ ಮಕ್ಕಳಿರ್ತಾವ."

ಪ್ರತಿ ದಿನ ಪರದೆಯ ಮುಂದೆ ಕೂತಾಗ ಬೇರೆ ಯಾವ ಚುಕ್ಕೆಯೂ ಕಾಣುತ್ತಿರಲಿಲ್ಲ. ಅವ್ವನ ಚುಕ್ಕೆ ಹಸಿರಾಗಿದ್ದರೆ ಅವಳು ಸುಡುತ್ತಿದ್ದಾಳೆ, ಕೆಂಪಾದರೆ ಸಾಯುತ್ತಿದ್ದಾಳೆ. ಬೂದು ಬಣ್ಣವಾದರೆ ಮಾತ್ರ ನನಗೆ ಉಸಿರು.

ಹೀಗಿರುವಾಗ ಒಂದು ದಿನ ಅವ್ವನ ಚುಕ್ಕೆ ಮಧ್ಯಾಹ್ನ ಪೂರ್ತಿ ಹಸಿರಾಗಿಯೇ ನಿಂತಿತು. ಒಂದು ಸಲವೂ ಬೂದಾಗಲಿಲ್ಲ. ಊರಿನ ಯಾವ ಅಂಗಿಯೂ ಆ ದಿನ ಅಷ್ಟು ವಿದ್ಯುತ್ ಕೊಟ್ಟಿರಲಿಲ್ಲ. ಆಪರೇಟರ್ ತಿರುಗಿ, "ನಿಮ್ಮವ್ವ ಭಾರಿ ಗಟ್ಟಿ ಅದಾರ ಬಿಡ್ರಿ ಮೇಡಂ," ಎಂದ. ಅಷ್ಟು ಹೊತ್ತು ಬಿಸಿಲಲ್ಲಿ ನಿಂತು ಹೆಂಗಸೊಬ್ಬಳು ಗಟ್ಟಿಯಾಗಿರಲು ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು. ಏನೋ ಆಗಬಾರದ್ದು ಆಗಿದೆ ಎಂದು ಡಿಪೋಗೆ ಓಡಿದೆ. ಅಲ್ಲಿ ಅವಳಿರಲಿಲ್ಲ. ಉಳಿದವರು, ತಲೆ ತಿರುಗುತ್ತದೆಂದು ಮನೆಗೆ ಹೋದಳು, ಜಮಾದಾರನಿಗೆ ಹೇಳಬೇಡ ಎಂದರು.

ನಮ್ಮ ಮನೆ ಅದೇ ವಾರ್ಡಿನಲ್ಲಿ. ಬಾಗಿಲು ತೆರೆದಿತ್ತು. ಅವ್ವ ಒಳಗೆ ಕತ್ತಲೆ ಕೋಣೆಯಲ್ಲಿ ಹಸಿ ಟವೆಲ್ ಹಣೆಗೆ ಹಾಕಿಕೊಂಡು ನಿದ್ದೆ ಹೋಗಿದ್ದಳು. ಮೈ ಮುಟ್ಟಿ ನೋಡಿದೆ, ತಂಪಾಗಿತ್ತು.

ಅಂಗಿ ಅಂಗಳದಲ್ಲಿತ್ತು. ವಾಂತಿಯಾಗಿ ಅಂಗಿಯ ಮೇಲೆ ಬಿದ್ದಿದ್ದರಿಂದ ಅದನ್ನು ನೀರಿನಲ್ಲಿ ಜಾಲಿಸಿ, ಒಣಗಲೆಂದು ಎದುರಿಗೆ ಸಿಕ್ಕಿದ್ದರ ಮೇಲೆ ಹೊದಿಸಿದ್ದಳು. ಎದುರಿಗೆ ಸಿಕ್ಕಿದ್ದು ಕುಡಿಯುವ ನೀರಿನ ಗಡಿಗೆ. ಬೇಸಿಗೆಯಲ್ಲಿ ನಮ್ಮ ಕಡೆ ಎಲ್ಲರೂ ಮಾಡುವಂತೆ ಗಡಿಗೆಗೆ ಒದ್ದೆ ಗೋಣಿಪಟ್ಟೆ ಸುತ್ತಿತ್ತು. ಮುಂಜಾನೆ ನೆರಳಿದ್ದ ಜಾಗಕ್ಕೆ ಈಗ ಬಿಸಿಲು ಬಂದಿತ್ತು. ಮಣ್ಣಿನ ಗಡಿಗೆ ತನ್ನ ಮೈಯಿಂದ ನೀರು ಜಿನುಗಿಸುತ್ತಾ, ಅದು ಆರುತ್ತಾ, ಅಂಗಿಯನ್ನು ತಂಪಾಗಿಟ್ಟಿತ್ತು. ಅಂಗಿ ಎರಡು ತೋಳು ಇಳಿಬಿಟ್ಟುಕೊಂಡು ಹಸಿರಾಗಿ ಹೊಳೆಯುತ್ತಿತ್ತು.

ಯಾರಿಗಾದರೂ ಖುಷಿಯಾಗಬೇಕಾದ ಸಂಗತಿ ಅದು. ನಾನು ಗಡಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಸಿಟ್ಟಿನಲ್ಲಿ ಅತ್ತೆ. ಒಂದು ಗಡಿಗೆ ಸಾಕಾಗಿತ್ತು. ಕುಂಬಾರ ಓಣಿಯಲ್ಲಿ ಸಿಗುವ ಒಂದು ಗಡಿಗೆ. ಚಿಗವ್ವ ಎರಡು ತಿಂಗಳು ಮಾಡಿದ ಕೆಲಸವನ್ನು ಅದು ಅವಳಿಗಿಂತ ಚೆನ್ನಾಗಿ ಮಾಡುತ್ತಿತ್ತು.

ಹುದ್ದಾರ ಸರ್ ಪ್ರಯೋಗಾಲಯದಲ್ಲಿ ಚಹಾ ಕುಡಿಯುತ್ತಿದ್ದರು. ನಾನು ಏದುಸಿರು ಬಿಡುತ್ತಲೇ ಎಲ್ಲ ಹೇಳಿದೆ. ಗಡಿಗೆ, ಗೋಣಿಪಟ್ಟೆ, ಹಸಿರು ಚುಕ್ಕೆ. ಅವರು ಆಶ್ಚರ್ಯಪಡುತ್ತಾರೆ ಎಂದುಕೊಂಡಿದ್ದೆ.

"ಹೌದು, ಗಡಿಗಿ ನಡೀತದ," ಎಂದರು. "ಅದನ್ನ ನಾನು ಮೊದಲೇ ಯೋಚಿಸಿದ್ದೆ."

"ಮೊದಲೇ ಅಂದ್ರ?"

"ಶುರುವಿನಾಗೇ. ಪಾಲಿಕೆಯವರ ಜೊತಿ ಮಾತಾಡಿದ್ದೆ. ನೋಡು, ಗಡಿಗಿ ಕೊಳ್ಳಬೇಕು. ಅವನ್ನ ಇಡಲಿಕ್ಕೆ ಜಾಗ ಬೇಕು. ದಿನಾ ನೀರು ತುಂಬಲಿಕ್ಕೆ ಆಳು ಬೇಕು, ಕಾಯಲಿಕ್ಕೆ ಆಳು ಬೇಕು. ಇವ್ರಾದ್ರ ತಾವೇ ನಡಕೊಂಡು ಬರ್ತಾರ, ತಾವೇ ನೀರು ಕುಡೀತಾರ. ಹೆಂಗೂ ಪಗಾರ ಕೊಡ್ತಾರಲ್ಲ."

ಇದನ್ನು ಅವರು ಕೆಟ್ಟ ದನಿಯಲ್ಲಿ ಹೇಳಲಿಲ್ಲ. ವಿದ್ಯಾರ್ಥಿಗೆ ಪಾಠ ಹೇಳುವ ದನಿಯಲ್ಲೇ ಹೇಳಿದರು, ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಅಂಗಿ ಉಳಿಸಲು ಓಡಿದ ಗುರುಲಿಂಗಪ್ಪನಿಗೆ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಗಡಿಗೆ ಮತ್ತು ಹೆಂಗಸು ಇವೆರಡರಲ್ಲಿ ಯಾವುದು ಸುಲಭ ಎಂದು ನೋಡಿ, ಹೆಂಗಸನ್ನು ಆರಿಸಿದ್ದರು. ಇಂಥವರ ಕಾಲಿಗೆ ನಾನು ಗುರುಪೂರ್ಣಿಮೆಯ ದಿನ ನಮಸ್ಕಾರ ಮಾಡಿದ್ದೆ.

"ಇದನ್ನ ಎಲ್ಲೂ ಮಾತಾಡಬ್ಯಾಡ," ಎಂದರು ನಾನು ಏಳುವಾಗ. "ರಾಜಧಾನಿಯಿಂದ ಅಧಿಕಾರಿಗಳು ಬರೋರಿದ್ದಾರ. ನಿನ್ನ ಥೀಸಿಸಿಗೂ ನಾನೇ ಸಹಿ ಹಾಕಬೇಕು."

ಥೀಸಿಸ್ ಇರಲಿ, ಹೋಗಲಿ. ಆ ಸಂಜೆ ಬೇವಿನ ಮರದ ಕೆಳಗೆ ಅವ್ವನ ಜೊತೆಗಾರ್ತಿಯರನ್ನೆಲ್ಲ ಸೇರಿಸಿ, ಗಡಿಗೆಯ ವಿಷಯ ಹೇಳಿದೆ. ಸರ್ ಹೇಳಿದ್ದನ್ನೂ ಹೇಳಿದೆ, ಒಂದು ಮಾತನ್ನೂ ಬಿಡದೆ. ಯಾರೂ ಕೂಗಾಡಲಿಲ್ಲ. ಅವ್ವ ಸ್ವಲ್ಪ ಹೊತ್ತು ತನ್ನ ಪೊರಕೆಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸರಿಮಾಡಿಕೊಂಡಳು.

"ಅಧಿಕಾರಿಗಳು ಬಂದ ದಿನ ನಮ್ಗ ಪಾಲಿಕೆ ಹಿಂದಿನ ಮೈದಾನದಾಗ ಸಾಲಾಗಿ ನಿಲ್ಲಸ್ತಾರಂತ," ಎಂದಳು ಆಮೇಲೆ. "ನಿಂದ್ರಲಿ. ಅಂಗಿ ನಿಂದ್ರಲಿ."

ಮಾತು ವಾರ್ಡಿನಿಂದ ವಾರ್ಡಿಗೆ ಹಬ್ಬಿ, ಊರಿನ ಪೌರಕಾರ್ಮಿಕರೆಲ್ಲ ಮನೆಯಿಂದ ಒಂದೊಂದು ಗಡಿಗೆ ತರಲು ಒಪ್ಪಿದರು. ಆ ದಿನ ಬಂತು. ಅಧಿಕಾರಿಗಳು ಬಿಸಿಲಿಗೆ ಇಳಿಯಲಿಲ್ಲ, ನೇರವಾಗಿ ಮೇಲ್ಮಹಡಿಯ ನಿಯಂತ್ರಣ ಕೊಠಡಿಗೆ ಹೋದರು. ಪರದೆಯ ಚುಕ್ಕೆಗಳು ಚೆನ್ನಾಗಿ ಕಾಣಲೆಂದು ಕಿಟಕಿಗೆ ಕರ್ಟನ್ ಎಳೆದಿದ್ದರು. ಜೊತೆಗೆ ಪಾಲಿಕೆಯ ಆಯುಕ್ತರು, ಹುದ್ದಾರ ಸರ್, ಹಿಂದೆ ನಾನು. ಮಧ್ಯಾಹ್ನದ ಹೊತ್ತಿಗೆ ಚುಕ್ಕೆಗಳು ಒಂದಾದ ಮೇಲೊಂದು ಹಸಿರಾದವು. ಒಂದೂ ಬೂದಿಲ್ಲ, ಒಂದೂ ಕೆಂಪಿಲ್ಲ. ವಿದ್ಯುತ್ತಿನ ಗೆರೆ ಇಷ್ಟು ದಿನ ಮುಟ್ಟದ ಎತ್ತರ ಮುಟ್ಟಿತು. ರಾಜಧಾನಿಯಿಂದ ಬಂದವರು ಚಪ್ಪಾಳೆ ತಟ್ಟಿದರು. ಇಷ್ಟು ಬಿಸಿಲಿನಲ್ಲಿ ಇವರು ಹೇಗೆ ನಿಲ್ಲುತ್ತಾರೆ ಎಂದು ಒಬ್ಬರು ಕೇಳಿದರು.

"ಅವರಿಗೆ ರೂಢಿ ಇರ್ತದ ಸರ್," ಎಂದರು ಹುದ್ದಾರರು.

ನಾನು ಹೋಗಿ ಕಿಟಕಿಯ ಕರ್ಟನ್ ಸರಿಸಿದೆ. ಕೆಳಗೆ ಮೈದಾನದ ತುಂಬ ಸಾಲುಸಾಲಾಗಿ ಗಡಿಗೆಗಳು, ಒಂದೊಂದಕ್ಕೂ ಒಂದೊಂದು ಬಿಸಿಲಂಗಿ. ಕಾಂಪೌಂಡಿನ ಆಚೆ, ಹುಣಸೆಮರದ ದಟ್ಟ ನೆರಳಿನಲ್ಲಿ, ಹತ್ತಿಯ ಸೀರೆ ಉಟ್ಟ ಹೆಂಗಸರು ಕೂತು ರೊಟ್ಟಿ ತಿನ್ನುತ್ತಿದ್ದರು.

ಆಯುಕ್ತರು ಸರ್ ಕಡೆ ನೋಡಿದರು. ಸರ್ ನನ್ನ ಕಡೆ ನೋಡಿದರು. ಆದರೆ ಅವರ ಬುದ್ಧಿ ಚುರುಕು. ಗಂಟಲು ಸರಿಮಾಡಿಕೊಂಡು, "ಇದು ಯೋಜನೆಯ ಎರಡನೇ ಹಂತ," ಎಂದರು. ಎಲ್ಲರೂ ಕೆಳಗಿಳಿದು ಹೊರಟರು.

ಮೈದಾನದಲ್ಲಿ ಅವರು ಗಡಿಗೆಗಳ ನಡುವೆ ಓಡಾಡಿ, ಬಗ್ಗಿ ನೋಡಿ, ಗೋಣಿಪಟ್ಟೆ ಮುಟ್ಟಿ ನೋಡಿದರು. ಅವ್ವ ಮರದ ಕೆಳಗಿಂದ ಎದ್ದು ಬಂದು, ಕೈಮುಗಿದು, ನೆಟ್ಟಗೆ ನಿಂತಳು.

"ಸಾಹೇಬ್ರ, ನಸುಕಿನಾಗ ಕಸ ಹೊಡೀತೀವಿ. ಆಮ್ಯಾಲ ಗಡಗಿಗಿ ನೀರು ತುಂಬಿ ಅಂಗಿ ತೊಡಸ್ತೀವಿ. ನಮ್ಗ ನೆರಳು ಬಿಡ್ರಿ. ನಮ್ಮ ಜಗದೇವಿ ಈ ಬಿಸಿಲಿಗೆ ಸತ್ತಾಳ."

ಆಯುಕ್ತರು ತಲೆಯಾಡಿಸಿ, ಪರಿಶೀಲಿಸೋಣ ಎಂದರು. ಅದೇ ಹೊತ್ತಿಗೆ ಸಾಲಿನ ಕೊನೆಯಲ್ಲಿ ಠಪ್ ಎಂದು ಸದ್ದಾಯಿತು. ಹಳೆಯ ಗಡಿಗೆಯೊಂದರ ನೀರು ಸೋರಿ ಬರಿದಾಗಿ, ಬಿಸಿಲಿಗೆ ಬಿರಿದಿತ್ತು. ಅದರ ಮೇಲಿನ ಅಂಗಿ ಕೆಂಪಗಾಗುತ್ತಾ ಬಂತು. ಆಯುಕ್ತರು, ಸರ್, ಗುರುಲಿಂಗಪ್ಪ ಮೂವರೂ ಓಡಿದರು. ಒಬ್ಬರು ಅಂಗಿ ಬಿಚ್ಚಿದರು, ಒಬ್ಬರು ಚೂರುಗಳನ್ನು ಆಯ್ದರು, ಒಬ್ಬರು ನೀರು ತರಲು ಕೂಗಿದರು. ಅಯ್ಯೋ, ಅಯ್ಯೋ ಎಂದು ಆಯುಕ್ತರು ಅಂದದ್ದನ್ನು ನಾನು ಕಿವಿಯಾರೆ ಕೇಳಿದೆ.

ಮರುದಿನ ಮುಂಜಾನೆಯೇ ಆದೇಶ ಹೊರಬಿತ್ತು. ಚಿಗವ್ವ ಸತ್ತು ಎಷ್ಟೋ ದಿನವಾದರೂ ಒಂದು ಸಾಲು ಬರೆಯದ ಪಾಲಿಕೆ, ಗಡಿಗೆ ಒಡೆದದ್ದಕ್ಕೆ ಒಂದು ರಾತ್ರಿಗಿಂತ ಹೆಚ್ಚು ಕಾಯಲಿಲ್ಲ. ಹೆಂಗಸರು ಬೇವಿನ ಮರದ ಕೆಳಗೆ ಸೇರಿದ್ದರು. ನಾನು ಓದಿ ಹೇಳಿದೆ.

ಬಿಸಿಲಂಗಿಗಳನ್ನು ಗಡಿಗೆಗಳಿಗೆ ತೊಡಿಸಲು ಅನುಮತಿ ಇದೆ. ಆದರೆ ಕಡು ಬಿಸಿಲಿನಲ್ಲಿ ಗಡಿಗೆಗಳು ಒಡೆಯುವ ಸಂಭವವಿರುವುದರಿಂದ, ಹನ್ನೆರಡರಿಂದ ಮೂರರವರೆಗೆ ಅವುಗಳನ್ನು ಕಡ್ಡಾಯವಾಗಿ ನೆರಳಿನಲ್ಲಿ ಇಡತಕ್ಕದ್ದು. ಇದಕ್ಕಾಗಿ ಹಸಿರು ಬಲೆಯ ಚಪ್ಪರ ಹಾಕಿಸಲಾಗುವುದು. ಸದರಿ ಅವಧಿಯಲ್ಲಿ ಬಿಸಿಲಂಗಿಗಳ ಕೆಲಸ ನಿಲ್ಲದಂತೆ ಪೌರಕಾರ್ಮಿಕರು ಅವುಗಳನ್ನು ಎಂದಿನಂತೆ ಧರಿಸತಕ್ಕದ್ದು.

"ಕಡೀದು ಇನ್ನೊಮ್ಮೆ ಓದು," ಎಂದಳು ಅವ್ವ.

ಓದಿದೆ.

"ಅಂದ್ರ ಬಿಸಿಲು ಹೆಚ್ಚಾದಾಗ ಗಡಗಿ ನೆರಳಿಗೆ, ನಾವು ಬಿಸಿಲಿಗೆ."

"ಹ್ಞೂಂ ಅವ್ವ."

"ಅದರಾಗ ಜಗದೇವಿ ಹೆಸರು ಎಲ್ಲರ ಅದ ಏನು?"

"ಇಲ್ಲ."

ನನ್ನ ಕೈಯಲ್ಲಿದ್ದ ಆದೇಶವನ್ನು ಹರಿದು ಚೂರು ಮಾಡಬೇಕೆನಿಸಿತು. ಇಷ್ಟು ಓದಿ, ಇಷ್ಟು ಕಲಿತು, ಕೊನೆಗೆ ನನ್ನ ಅವ್ವನಿಗೆ ಗಡಿಗೆಯಷ್ಟು ಬೆಲೆಯನ್ನೂ ತಂದುಕೊಡಲಾಗಲಿಲ್ಲ ಎಂಬ ಸಂಕಟ. ಅವ್ವ ಮಾತ್ರ ಸೀರೆ ಎತ್ತಿ ಕಟ್ಟಿದಳು.

ಚಪ್ಪರ ಎರಡೇ ದಿನದಲ್ಲಿ ಎದ್ದಿತು. ಒಳ್ಳೆಯ ಚಪ್ಪರ, ನೆಲಕ್ಕೆ ಮರಳು ಹಾಸಿದ್ದರು, ಬದಿಗೆ ನೀರಿನ ನಲ್ಲಿ ಕೂಡ. ಹನ್ನೆರಡಾಯಿತು. ಗಡಿಗೆಗಳು ಅಂಗಿ ತೊಟ್ಟು ಮೈದಾನದಲ್ಲಿ ನಿಂತಿದ್ದವು. ಗುರುಲಿಂಗಪ್ಪ ಬೈಕಿನಿಂದಿಳಿದು, ಗಡಿಗೆ ಒಳಗಿಡಿ, ಅಂಗಿ ಹಾಕಿಕೊಳ್ಳಿ ಎಂದು ಹೇಳಿದ.

ಅವ್ವ ಗಡಿಗೆಗಳಿಗೆ ಒಂದು ಸುತ್ತು ನೀರು ಹಾಕಿದಳು. ಆಮೇಲೆ ಚಪ್ಪರದೊಳಗೆ ಹೋಗಿ ಮರಳಿನ ಮೇಲೆ ಕಾಲು ಚಾಚಿ ಕೂತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಹೋಗಿ ಕೂತರು. ಎಲ್ಲರೂ ಕೂತ ಮೇಲೆ ಚಪ್ಪರದಲ್ಲಿ ಇನ್ನೊಂದು ಗಡಿಗೆಗೆ ಜಾಗ ಉಳಿಯಲಿಲ್ಲ.

"ಚಂದಮ್ಮ, ಇದು ಗಡಗಿಗಿ ಮಾಡಿದ ನೆರಳು," ಎಂದ ಗುರುಲಿಂಗಪ್ಪ. ಅವನ ದನಿ ಬೇಡುವಂತಿತ್ತು. "ಮ್ಯಾಲಿಂದ ಫೋನ್ ಬರ್ತದ. ಗಡಗಿ ಒಡದ್ರ ಯಾರು ಜವಾಬ್ದಾರಿ?"

ಅವ್ವ ರೊಟ್ಟಿಯ ಗಂಟು ಬಿಚ್ಚಿದಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಅಲ್ಲಿ ಒಂದು ರೊಟ್ಟಿ ಇಟ್ಟಳು.

"ಜಗದೇವಿ ಸತ್ತಾಗ ಯಾರು ಇದ್ರೋ, ಅವರೇ," ಎಂದಳು.

ಗುರುಲಿಂಗಪ್ಪನ ಫೋನು ರಿಂಗಾಗತೊಡಗಿತು. ಅವನು ಅದನ್ನು ಕೈಯಲ್ಲಿ ಹಿಡಿದು ಬಿಸಿಲಿನಲ್ಲಿ ನಿಂತೇ ಇದ್ದ.